ಶಾರ್ಕ್ ನೋಡಾಕ ಬಂದ ಮಂದೀನ ಕೋರ್ಟ್ ಸೀನ್ ತನಕ ಕುಂದ್ರಸೂದು ಹೆಂಗ: ಇಂಡಿಯಾನಾಪೊಲಿಸ್ ಸಿನಿಮಾ ಊರಾಗ ತೋರಸಾವ್ರಿಗೆ

2016ರಾಗ ಬಂದ ‘ಯುಎಸ್‌ಎಸ್ ಇಂಡಿಯಾನಾಪೊಲಿಸ್: ಮೆನ್ ಆಫ್ ಕರೇಜ್’ ಸಿನಿಮಾ ನೋಡೀರೇನು? ನಿಕೊಲಸ್ ಕೇಜ್ ಕ್ಯಾಪ್ಟನ್ ಆಗ್ಯಾನ, ಡೈರೆಕ್ಟರ್ ಮಾರಿಯೊ ವ್ಯಾನ್ ಪೀಬಲ್ಸ್. ಎರಡನೇ ಮಹಾಯುದ್ಧದ ಕಡೀಕ ಜಪಾನಿನ ಸಬ್‌ಮರೀನ್ ಹೊಡೆದು ಮುಳುಗಿಸಿದ ಅಮೆರಿಕದ ಹಡಗು, ನೀರಾಗ ನಾಕ್ ದಿನ ತೇಲಿದ ಮಂದಿ, ಆಮ್ಯಾಲ ಕ್ಯಾಪ್ಟನ್ ಮ್ಯಾಲ ನಡೆದ ಕೋರ್ಟ್ ಮಾರ್ಷಲ್ (ಮಿಲಿಟರಿ ಕೋರ್ಟಿನ ವಿಚಾರಣೆ), ಇಷ್ಟೂ ಐತಿ ಅದ್ರಾಗ. ಖರೇ ಹೇಳಬೇಕಂದ್ರ ಸಿನಿಮಾ ಸುಮಾರ ಐತಿ. ಗ್ರಾಫಿಕ್ಸ್ ಶಾರ್ಕ್ ನೋಡಿ ನಮ್ಮ ಹುಡುಗೂರು ನಗತಾರ, ನಡುವ ಒಬ್ಬಾಕಿ ಸಲುವಾಗಿ ಇಬ್ರು ಗೆಳ್ಯಾರ ಜಗಳದ ಕಥಿ ತುರುಕ್ಯಾರ, ಅದು ಬ್ಯಾಡಾಗಿತ್ತು. ಆದ್ರೂ ಇದನ್ನ ಊರಾಗ ತೋರಸ್ರಿ ಅಂತೀನಿ ನಾ, ಯಾಕಂದ್ರ ಇದರ ಹಿಂದಿರೂ ಖರೇ ಕಥಿ ಸಿನಿಮಾಕ್ಕಿಂತ ಭಾಳ ದೊಡ್ಡದು, ಮತ್ತ ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಯಪುರ ಕಡೆ ಮಿಲಿಟರಿ ಮನಿ ಇಲ್ಲದ ಊರು ಸಿಗೂದು ಕಡಿಮಿ. ಮುಂಜಾನೆ ಐದಕ್ಕ ರೋಡ್ ಮ್ಯಾಲ ಓಡೂ ಹುಡುಗೂರು, ಅಗ್ನಿವೀರ್ ಫಾರ್ಮ್ ತುಂಬಿ ಕುಂತಾವ್ರು, ರಿಟೈರ್ ಆಗಿ ಬಂದು ಹೊಲ ಮಾಡಾವ್ರು, ಇವ್ರೆಲ್ಲಾ ಕೂಡಿ ನೋಡಬೇಕಾದ ಸಿನಿಮಾ ಇದು.

ಆದ್ರ ಹಂಗ ಹಚ್ಚಿ ಬಿಟ್ರ ಏನಾಗತೈತಿ ಅಂದ್ರ, ಟಾರ್ಪೆಡೊ (ನೀರೊಳಗ ಹೋಗಿ ಹಡಗಿಗೆ ಬಡದು ಸಿಡಿಯೂ ಬಾಂಬು) ಬಡಿಯೂ ತನಕ ಮಂದಿ ಮೊಬೈಲ್ ನೋಡಕೋತ ಕುಂದರತಾರ, ಶಾರ್ಕ್ ಬಂದಾಗ ಚೀರತಾರ, ಬಚಾವ್ ಆದ್ರು ಅಂದ ಕೂಡ್ಲೇ ಚಪ್ಪಲಿ ಹುಡುಕಾಕ ಏಳತಾರ. ಖರೇ ಕಥಿ ಸುರು ಆಗೂದ ಅಲ್ಲಿಂದ. ಈ ಕಥಿಯೊಳಗ ಖಳನಾಯಕ ಶಾರ್ಕ್ ಅಲ್ಲ, ಜಪಾನಿ ಕಮಾಂಡರೂ ಅಲ್ಲ. ಬರಬೇಕಾದ ಹಡಗು ಬರಲಿಲ್ಲ ಅಂತ ಬಂದರದ ಆಫೀಸಿನ್ಯಾಗ ಒಬ್ಬನೂ ಕೇಳಲಿಲ್ಲ, ಅದ ಖಳನಾಯಕ. ನೀವು ಶೋ ಇಡಾವ್ರು ಮಾಡಬೇಕಾದ ಕೆಲಸ ಒಂದ, ನೋಡಾವ್ರ ಕಣ್ಣು ಅತ್ತಾಗ ತಿರುಗಸೂದು. ಉಳದದ್ದೆಲ್ಲಾ ಪ್ರೊಜೆಕ್ಟರು, ಖುರ್ಚಿ, ಚಾ.

ಯಾವಾಗ, ಎಲ್ಲಿ

ಜುಲೈ ಕಡೀ ವಾರ ಲೆಕ್ಕದಾಗ ಸರಿ ಕೂಡತೈತಿ. 26 ಕಾರ್ಗಿಲ್ ವಿಜಯ ದಿವಸ, ಸಾಲಿಯೊಳಗ ಹೆಂಗೂ ಕಾರ್ಯಕ್ರಮ ಇರತಾವ, ಮತ್ತ 1945ರಾಗ ಈ ಹಡಗು ತನ್ನ ಸಾಮಾನು ಮುಟ್ಟಿಸಿದ್ದೂ ಜುಲೈ 26ಕ್ಕ, ಮುಳುಗಿದ್ದು 30ಕ್ಕ. ಆದ್ರ ಜುಲೈ ಅಂದ್ರ ಮಳಿ, ಕರೆಂಟ್ ನಂಬಾಂಗಿಲ್ಲ, ಹೊಳಿದಂಡಿ ಊರಾಗ ಮಂದಿ ಡ್ಯಾಮಿನಿಂದ ಎಷ್ಟು ನೀರು ಬಿಟ್ರು ಅಂತ ನೋಡಕೋತ ಕುಂತಿರತಾರ, ಅಂಥಾ ಹೊತ್ತಿನ್ಯಾಗ ನೀರಾಗ ಮುಳುಗೂ ಸಿನಿಮಾ ಯಾರಿಗ್ ಬೇಕು. ನನ್ನ ಕೇಳಿದ್ರ ಡಿಸೆಂಬರ್ ಚಲೋ. 4 ನೌಕಾಪಡೆ ದಿನ, 9 ನಮ್ಮ ಐಎನ್‌ಎಸ್ ಖುಕ್ರಿ ಯುದ್ಧನೌಕೆ ಮುಳುಗಿದ ದಿನ (ಅದರ ಮಾತು ಕಡೀಕ), ಮಳಿ ಇರೂದಿಲ್ಲ, ಬಯಲಾಗ ಪರದೆ ಕಟ್ಟಬಹುದು. ಒಂದ್ ತ್ರಾಸ್ ಅಂದ್ರ ಕಬ್ಬಿನ ಸೀಜನ್. ಫ್ಯಾಕ್ಟರಿ ರೋಡಿನ ಬಾಜೂಕ ಶೋ ಇಟ್ರ ಎರಡೆರಡು ಟ್ರೇಲರ್ ಕಟಗೊಂಡು ಹಾಡು ಹಚಗೊಂಡು ಹೋಗೂ ಟ್ರ್ಯಾಕ್ಟರ್ ಸಪ್ಪಳದಾಗ ಡೈಲಾಗ್ ಒಂದೂ ಕೇಳೂದಿಲ್ಲ, ಅದಕ್ಕ ಊರ ಒಳಗ ಸಾಲಿ ಮೈದಾನ ಇಲ್ಲಾ ಗುಡಿ ಹಿಂದಿನ ಜಾಗಾ ನೋಡ್ರಿ. ಗಣಪತಿ ಮಂಡಳದಾಗ ಮಾತ್ರ ಬ್ಯಾಡ. ಬೆಳಗಾವಿಯೊಳಗ ಗಣಪತಿ ಅಂದ್ರ ಮಂದಿ ಒಂದ್ ಕಡೆ ನಿಲ್ಲೂದಿಲ್ಲ, ಐದ್ ನಿಮಿಷ ನೋಡಿ ಮುಂದಿನ ಮಂಡಳಕ್ಕ ಹೋಗತಾರ, ಈ ಸಿನಿಮಾಕ್ಕ ಕುಂದರೂ ಮಂದಿ ಬೇಕು.

ಸಾಮಾನು, ಪರವಾನಗಿ, ಭಾಷಾ

ಪ್ರೊಜೆಕ್ಟರ್ ಖರೀದಿ ಮಾಡಾಕ ಹೋಗಬ್ಯಾಡ್ರಿ. ಮದುವಿಗೆ ಎಲ್‌ಇಡಿ, ಸೌಂಡ್ ಕೊಡೂ ಅಂಗಡಿಯಾವ್ರ ಕಡೆ ಬಾಡಿಗಿಗೆ ಸಿಗತೈತಿ, ಲಗ್ನದ ಮುಹೂರ್ತ ಇಲ್ಲದ ದಿನ ನೋಡಿ ಕೇಳಿದ್ರ ರೇಟೂ ಇಳಸ್ತಾರ. ಪರದೆಗೆ ಬಿಳಿ ಬಟ್ಟಿ ಸಾಕು, ಆದ್ರ ಒಂದ ಪದರ ಕಟ್ಟಿದ್ರ ಬೆಳಕು ಹಾದು ಹೋಗಿ ಚಿತ್ರ ಮಂಕ ಕಾಣತೈತಿ, ಎರಡು ಪದರ ಮಾಡಿ ಕೆಳಗ ಬಿದರಿನ ಗಳ ಹೊಲಿಸ್ರಿ, ಇಲ್ಲಂದ್ರ ಗಾಳಿಗೆ ಹಡಗು ಮುಳುಗೂಕಿಂತ ಮೊದಲ ಅಲ್ಲಾಡತೈತಿ. ಈ ಸಿನಿಮಾದಾಗ ಭಾಳ ಸೀನ್ ರಾತ್ರೀವು, ಕತ್ತಲಾದಾವು, ಅದಕ್ಕ ಸುತ್ತಲಿನ ಲೈಟ್ ಪೂರ್ತಿ ಆರಿಸಬೇಕು, ಬೀದಿ ದೀಪದ ಬುಡಕ ಪರದೆ ಕಟ್ಟಿದ್ರ ಏನೂ ಕಾಣಂಗಿಲ್ಲ. ಲ್ಯಾಪ್‌ಟಾಪು, ಪ್ರೊಜೆಕ್ಟರು ಎರಡಕ್ಕೂ ಯುಪಿಎಸ್ ಇರಲಿ. ಕರೆಂಟ್ ಹೋಗಿ ಬಂದ್ರ ಪ್ರೊಜೆಕ್ಟರ್ ತಣ್ಣಗಾಗಿ ಮತ್ತ ಚಾಲೂ ಆಗೂದ್ರಾಗ ಹಿಂದಿನ ಸಾಲಿನಾವ್ರು ಮನಿ ಹಾದಿ ಹಿಡಿದಿರತಾರ.

ಪರವಾನಗಿ ವಿಷಯ ಭಾಳ ಮಂದಿ ಗುಲ್ಲ ಮಾಡದ ಬಿಟ್ಟುಬಿಡ್ತಾರ, ನಾ ಬಿಡಂಗಿಲ್ಲ. ನಿಮ್ಮ ಮೊಬೈಲಿನ ಓಟಿಟಿ ಅಕೌಂಟು ಮನ್ಯಾಗ ನೋಡಾಕ ಕೊಟ್ಟದ್ದು, ಊರ ಮಂದೀನ ಕೂಡಿಸಿ ತೋರಸಾಕಲ್ಲ. ಮನಿ ಪಡಸಾಲ್ಯಾಗ ಬೀಗರು, ಗೆಳ್ಯಾರು ಕೂಡಿ ನೋಡಿದ್ರ ಬ್ಯಾರೆ. ಸಾಲಿ, ಮೈದಾನ, ಸಮುದಾಯ ಭವನ ಅಂದ್ರ ಸಾರ್ವಜನಿಕ ಪ್ರದರ್ಶನ ಆಗತೈತಿ, ಟಿಕೆಟ್ ಇಲ್ಲದಿದ್ರೂ ಹಕ್ಕು ಇದ್ದಾವ್ರನ್ನ ಬರದು ಕೇಳಬೇಕು. ತಿಂಗಳ ಎರಡ್ ತಿಂಗಳ ಮೊದಲ ಕೇಳ್ರಿ. ಸಿಗಲಿಲ್ಲಂದ್ರ ಹತ್ ಹನ್ನೆರಡು ಮಂದಿ ಕೂಡಿ ಯಾರದರೆ ಮನ್ಯಾಗ ನೋಡಿ, ಸಾರ್ವಜನಿಕರ ಮುಂದ ಬರೇ ಕಥಿ ಹೇಳ್ರಿ, ಚಿತ್ರ ಬ್ಯಾಡ. ಇಂಥಾ ಕಥಿ ಸೀಮೆಸುಣ್ಣ, ಕರಿಹಲಗಿ ಇದ್ರೂ ನಡಿತೈತಿ.

ಭಾಷಾ ಇಂಗ್ಲಿಷು. ಸಬ್‌ಟೈಟಲ್ ಹಾಕ್ರಿ ಆದ್ರ ಅದನ್ನ ನಂಬಿ ಕುಂದರಬ್ಯಾಡ್ರಿ, ಓದಾಕ ಬರೂ ಮಂದೀನೂ ಓದೂದಿಲ್ಲ, ಚಿತ್ರಾನೂ ನೋಡಬೇಕು ಅಕ್ಷರಾನೂ ಓದಬೇಕು ಅಂದ್ರ ತಲಿ ನೋಯತೈತಿ. ನಮ್ಮ ಶ್ರೀಕೃಷ್ಣ ಪಾರಿಜಾತ ಆಟದಾಗ ಭಾಗವತ ನಡುವ ನಡುವ ಬಂದು ಪಾತ್ರದ ಜೋಡಿ ಮಾತಾಡಿ ಕಥಿ ಬಿಡಿಸಿ ಹೇಳ್ತಾನಲ್ಲ, ಹಂಗ ಒಬ್ಬಾಂವ ಬೇಕು. ಮೈಕ್ ಕೈಯಾಗ ಹಿಡಕೊಂಡು ಮೂರು ಕಡೆ ಸಿನಿಮಾ ನಿಲ್ಲಿಸಿ ಕನ್ನಡದಾಗ ಹೇಳಾಂವ. ಇತಿಹಾಸ ಓದಿದಾಂವ ಆಗಬೇಕಂತೇನಿಲ್ಲ, ಊರ ಮಂದಿ ಮಾತ್ ಕೇಳೂವಂಥಾಂವ ಆದ್ರ ಸಾಕು. ಆತನಿಗೆ ಹೇಳಾಕ ಬೇಕಾದ್ದು ಕೆಳಗ ಕೊಟ್ಟೀನಿ.

ಸುರು ಮಾಡೂಕಿಂತ ಮೊದಲ

ಹತ್ತು ನಿಮಿಷಕ್ಕಿಂತ ಹೆಚ್ಚು ಬ್ಯಾಡ. ಹಲಗಿ ಮ್ಯಾಲ ನಾಕು ಚುಕ್ಕಿ ಇಡ್ರಿ: ಬಲಗಡೆ ದೂರ ಸ್ಯಾನ್ ಫ್ರಾನ್ಸಿಸ್ಕೊ, ನಡುವ ಪೆಸಿಫಿಕ್ ಸಮುದ್ರದ ಟಿನಿಯನ್ ದ್ವೀಪ, ಅದರ ಬಾಜೂಕ ಗುವಾಮ್, ಎಡಗಡೆ ಫಿಲಿಪ್ಪೀನ್ಸಿನ ಲೇಟೆ. 1945 ಜುಲೈ 16ಕ್ಕ ಹಡಗು ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟಿತು, 26ಕ್ಕ ಟಿನಿಯನ್ ಮುಟ್ಟಿತು. ಅದರಾಗ ಇದ್ದದ್ದು ಹಿರೋಶಿಮಾ ಮ್ಯಾಲ ಬಿದ್ದ ಅಣುಬಾಂಬಿನ ಭಾಗಗಳು. ಹಡಗಿನ ಮಂದಿಗೆ ಅದು ಏನಂತ ಗೊತ್ತಿರಲಿಲ್ಲ, ಕ್ಯಾಪ್ಟನ್‌ಗೂ ಹೇಳಿರಲಿಲ್ಲ. ಇದನ್ನ ಮೊದಲ ಹೇಳಿಬಿಡ್ರಿ, ಗುಟ್ಟು ಇಡಬ್ಯಾಡ್ರಿ, ಯಾಕಂದ್ರ ಆ ಪೆಟಗಿ ನೋಡಿದಾಗ ಮಂದಿಗೆ ಎದಿ ಝಲ್ ಅನ್ನಬೇಕಂದ್ರ ಒಳಗ ಏನೈತಿ ಅಂತ ಗೊತ್ತಿರಬೇಕು. ಮತ್ತ ಇದು ಬರೇ ಪಾಪದ ನಾವಿಕರ ಕಥಿ ಅಂತ ಆಗಬಾರದು, ಆ ಪೆಟಗಿಯಿಂದ ಹಿರೋಶಿಮಾದಾಗ ಏನಾತು ಅನ್ನೂದೂ ನೋಡಾವ್ರ ಮನಸಿನ್ಯಾಗ ಇರಬೇಕು.

ಆಮ್ಯಾಲ ಗುವಾಮ್‌ದಿಂದ ಲೇಟೆಗೆ ಒಂದ್ ಗೆರಿ ಹೊಡಿರಿ. ಎರಡು ಸಾವಿರ ಕಿಲೋಮೀಟರ್ ದಾಟತೈತಿ, ನಡುವ ಎಲ್ಲಾ ನೀರು. ಜುಲೈ 28ಕ್ಕ ಹೊಂಟಿತು. ಕ್ಯಾಪ್ಟನ್ ಚಾರ್ಲ್ಸ್ ಮೆಕ್‌ವೇ ಕಾವಲಿಗೆ ಇನ್ನೊಂದು ಹಡಗು ಕೇಳಿದ್ದ, ಬ್ಯಾಡ ಅಂದ್ರು. ನಾಕ್ ದಿನದ ಹಿಂದ, ಜುಲೈ 24ಕ್ಕ, ಅಂಡರ್‌ಹಿಲ್ ಅನ್ನೂ ಇನ್ನೊಂದು ಅಮೆರಿಕದ ಹಡಗು ಜಪಾನಿ ಸಬ್‌ಮರೀನ್ ದಾಳಿಯೊಳಗ ಹೋಗಿತ್ತು, ಆ ಸುದ್ದೀನೂ ಮೆಕ್‌ವೇಗೆ ಹೇಳಲಿಲ್ಲ. ಈ ಎರಡು ಮಾತು ಹಲಗಿ ಮೂಲಿಯೊಳಗ ಬರದು ಇಡ್ರಿ: ಕಾವಲು ಕೊಡಲಿಲ್ಲ, ಸುದ್ದಿ ಹೇಳಲಿಲ್ಲ. ಅಳಸಬ್ಯಾಡ್ರಿ. ಕೋರ್ಟ್ ಸೀನಿನ್ಯಾಗ ಬೇಕಾಗತಾವ.

ಸಾಲಿ ಹುಡುಗೂರಿದ್ರ ಇನ್ನೊಂದು ಆಟ ಐತಿ. ಸಿನಿಮಾ ಸುರು ಆಗೂಕಿಂತ ಮೊದಲ ಇಪ್ಪತ್ತು ಹುಡುಗೂರ ಹೆಸರು ಬರದು ಹಾಜರಿ ತಗೋರಿ. ಅದ್ರಾಗ ಒಬ್ಬನ್ನ ಮೊದಲ ಮಾತಾಡಿ ಆಫೀಸ್ ರೂಮಿನ್ಯಾಗ ಇನ್ನೊಬ್ಬ ಮಾಸ್ತರ ಜೋಡಿ ಕುಂದರಸಿರ್ರಿ. ಹೆಸರು ಕರೆದಾಗ ಸಪ್ಪಳ ಬರಲಿಲ್ಲಂದ್ರ “ಬಂದಿರಬೇಕು ಬಿಡ್ರಿ” ಅಂತ ರೈಟ್ ಮಾರ್ಕ್ ಹಾಕಿ ಮುಂದ ಹೋಗ್ರಿ. ಯಾರಾದ್ರೂ “ಸರ್, ಅಂವ ಇಲ್ಲರಿ” ಅಂತಾರೋ ಇಲ್ಲೋ ನೋಡ್ರಿ. ಅಂದ್ರ ಶಾಬ್ಬಾಸ್. ಅನ್ನಲಿಲ್ಲಂದ್ರ ಸುಮ್ನಿರ್ರಿ, ಎರಡನೇ ಸಲ ಸಿನಿಮಾ ನಿಲ್ಲಿಸಿದಾಗ ಅದರ ಕೆಲಸ ಐತಿ.

ಮೊದಲನೇ ನಿಲುಗಡಿ: ಟಾರ್ಪೆಡೊ ಬಡಿಯೂಕಿಂತ ಮೊದಲ

ರಾತ್ರಿ ಸೀನ್ ಬಂದು ಸಬ್‌ಮರೀನ್ ಪೆರಿಸ್ಕೋಪ್ (ನೀರೊಳಗಿಂದ ಮ್ಯಾಲ ನೋಡೂ ಕೊಳವಿ) ಕಂಡ ಕೂಡ್ಲೇ ನಿಲ್ಲಸ್ರಿ. ಮಂದಿ ಬೈತಾರ, ಬೈಲಿ. ಇಲ್ಲಿ ಜಿಗ್‌ಜ್ಯಾಗ್ ಅಂದ್ರ ಏನಂತ ಹೇಳಬೇಕು. ಹಡಗು ನೆಟ್ಟಗ ಹೋದ್ರ ಸಬ್‌ಮರೀನಿನಾಂವ ಮುಂದ ಎಲ್ಲಿ ಇರತೈತಿ ಅಂತ ಲೆಕ್ಕ ಹಾಕಿ ಟಾರ್ಪೆಡೊ ಬಿಡ್ತಾನ, ಅದಕ್ಕ ಹಡಗು ಆಗಾಗ ದಿಕ್ಕು ಬದಲಿಸಿ ಸೊಟ್ಟ ಸೊಟ್ಟ ಹೋಗಬೇಕು. ಮೆಕ್‌ವೇಗೆ ಇದ್ದ ಆರ್ಡರ್ ಏನಂದ್ರ, ಜಿಗ್‌ಜ್ಯಾಗ್ ನಿನ್ನ ವಿವೇಚನಾ. ಆ ರಾತ್ರಿ ಮೋಡ ಮುಚ್ಚಿ ಕಣ್ಣಿಗೆ ಏನೂ ಕಾಣತಿರಲಿಲ್ಲ, ಅಂವ ನೆಟ್ಟಗ ಹೋಗ್ರಿ ಅಂತ ಹೇಳಿ ಮಲಗಾಕ ಹೋದ. ಆಮ್ಯಾಲ ಮೋಡ ಸರದು ತಿಂಗಳ ಬೆಳಕು ಬಿತ್ತು, ಐ-58 ಸಬ್‌ಮರೀನಿನ ಕಮಾಂಡರ್ ಮೋಚಿತ್ಸುರಾ ಹಶಿಮೊಟೊಗೆ ಹಡಗು ಕಂಡಿತು. ಜುಲೈ 30, ನಡುರಾತ್ರಿ ದಾಟಿ ಕಾಲು ತಾಸು. 12 ನಿಮಿಷದಾಗ ಹಡಗು ಮುಳುಗಿತು.

12 ನಿಮಿಷ ಅಂದ್ರ ಎಷ್ಟು ಅಂತ ಮಂದಿಗೆ ತಿಳೀಬೇಕಂದ್ರ ಮೊಬೈಲಿನ್ಯಾಗ ಟೈಮರ್ ಹಚ್ಚಿ ಸಿನಿಮಾ ಮುಂದುವರಸ್ರಿ, ಮುಗದಾಗ ಗಂಟಿ ಹೊಡೀಲಿ. ಸಿನಿಮಾದಾಗ ಏನ್ ನಡೆದಿರತೈತೋ ಅದು ಬ್ಯಾರೆ, ಆ ಗಂಟಿ ಹೊಡದಾಗ ಹಾಲಿನ್ಯಾಗ ಮಾತು ತಾನ ನಿಲ್ಲತೈತಿ.

ಇನ್ನೊಂದು, ಕಣ್ಣು ಚುರುಕ್ ಇರೂ ಹುಡುಗೂರಿಗೆ. ಸಿನಿಮಾ ಶೂಟಿಂಗ್ ನಡೆದದ್ದು ಅಮೆರಿಕದ ಮೊಬೀಲ್ ಅನ್ನೂ ಊರಾಗ ನಿಲ್ಲಿಸಿರೂ ಅಲಬಾಮಾ ಅನ್ನೂ ಹಳೇ ಯುದ್ಧನೌಕೆ ಮ್ಯಾಲ. ಅದು ಬ್ಯಾಟಲ್‌ಶಿಪ್, ತೋಪಿನ ಬಾಯಿ 16 ಇಂಚು. ಖರೇ ಇಂಡಿಯಾನಾಪೊಲಿಸ್ ಕ್ರೂಸರ್, ಅಂದ್ರ ಅದಕ್ಕಿಂತ ಸಣ್ಣ ಯುದ್ಧನೌಕೆ, ಅದರ ದೊಡ್ಡ ತೋಪು 8 ಇಂಚಿನಾವು. ಅಂದ್ರ ಪರದೆ ಮ್ಯಾಲ ಕಾಣೂ ತೋಪಿನ ಬಾಯಿ ಖರೇದಕ್ಕಿಂತ ಎರಡರಷ್ಟು ದೊಡ್ಡದು. ಎನ್‌ಸಿಸಿ ಹುಡುಗೂರಿಗೆ ಇದನ್ನ ಹುಡುಕಾಕ ಹಚ್ಚಿದ್ರ ಅವ್ರು ಸಿನಿಮಾ ಬಿಟ್ಟು ಅಲ್ಲಾಡಂಗಿಲ್ಲ.

ಎರಡನೇ ನಿಲುಗಡಿ: ನೀರಾಗ

ಇದು ಭಾಳ ಮಹತ್ವದ್ದು, ಇಲ್ಲಿ ಅವಸರ ಮಾಡಬ್ಯಾಡ್ರಿ. ಮೊದಲನೇ ಶಾರ್ಕ್ ಸೀನ್ ಮುಗೀತಿದ್ದಂಗ ನಿಲ್ಲಿಸಿ ಲೆಕ್ಕ ಹೇಳ್ರಿ. ಹಡಗಿನ್ಯಾಗ ಇದ್ದಾವ್ರು 1,195. ಸುಮಾರು 300 ಮಂದಿ ಹಡಗಿನ ಜೋಡಿ ಹೋದ್ರು. ಉಳಿದಾವ್ರು ನೀರಿಗೆ ಬಿದ್ರು. ಕಡೀಕ ಜೀವಂತ ಬಂದಾವ್ರು 316. ಸತ್ತಾವ್ರು 879. ಸಿನಿಮಾ ನೋಡಿದ್ರ ಎಲ್ಲಾರನ್ನೂ ಶಾರ್ಕ್ ತಿಂತು ಅನಸ್ತೈತಿ, ಹಂಗಲ್ಲ. ಶಾರ್ಕ್ ಇದ್ದದ್ದು ಖರೇ, ಅವು ಹಿಡದದ್ದೂ ಖರೇ, ಆದ್ರ ಹೆಚ್ಚಿನಾವ್ರು ಸತ್ತದ್ದು ಗಾಯದಿಂದ, ನೀರಡಿಕಿಯಿಂದ, ಬಿಸಲಿಂದ, ರಾತ್ರಿ ಥಂಡಿಯಿಂದ, ಉಪ್ಪು ನೀರು ಕುಡದು.

ಉಪ್ಪು ನೀರಿನ ಮಾತು ಬಿಡಿಸಿ ಹೇಳಬೇಕು, ನಮಗ ಸಮುದ್ರ ಗೊತ್ತಿಲ್ಲ, ನಮ್ಮ ನೀರಂದ್ರ ಕೃಷ್ಣಾ, ಘಟಪ್ರಭಾ, ಮಲಪ್ರಭಾ. ಸುತ್ತಲೂ ನೀರಿದ್ದು ಕುಡಿಯಾಕ ಹನಿ ಇಲ್ಲ ಅಂದ್ರ ಏನಂತ 2019ರ ಮಹಾಪೂರದಾಗ ಮನಿ ಮಾಳಗಿ ಮ್ಯಾಲ ಕುಂತಾವ್ರಿಗೆ ಗೊತ್ತು, ಉಳದಾವ್ರಿಗೆ ಹೇಳಬೇಕು. ಒಂದ್ ಲೀಟರ್ ಬಾಟಲಿ ತಗೊಂಡು ಅದಕ್ಕ 35 ಗ್ರಾಂ ಉಪ್ಪು ಹಾಕಿ ಕಲಿಸಿ ಎಲ್ಲಾರಿಗೂ ತೋರಸ್ರಿ, ಸಮುದ್ರದ ನೀರು ಹೆಚ್ಚು ಕಡಿಮಿ ಅಷ್ಟ ಉಪ್ಪು. ಬಯಸಿದಾವ್ರು ಒಂದ್ ಹನಿ ನಾಲಿಗಿಗೆ ಹಚಗೊಂಡು ಉಗುಳಲಿ, ನುಂಗೂದು ಬ್ಯಾಡ. ಆ ಉಪ್ಪನ್ನ ಮೈಯಿಂದ ಹೊರಗ ಹಾಕಬೇಕಂದ್ರ ಕಿಡ್ನಿಗೆ ಕುಡಿದ ನೀರಿಗಿಂತ ಹೆಚ್ಚು ನೀರು ಬೇಕು, ಅಂದ್ರ ಕುಡದಷ್ಟೂ ಮೈ ಒಣಗತೈತಿ, ಆಮ್ಯಾಲ ತಲಿ ಕೆಡತೈತಿ. ಇಂಡಿಯಾನಾಪೊಲಿಸ್ ಮಂದಿಗೆ ಇಲ್ಲದ ದ್ವೀಪ ಕಂಡಾವ, ಹಡಗು ಇನ್ನೂ ಕೆಳಗ ಐತಿ ಅದರಾಗ ಸಿಹಿನೀರು ಐತಿ ಅಂತ ಮುಳುಗು ಹಾಕಿ ಹೋದಾವ್ರಿದ್ರು, ಬಾಜೂದಾಂವ ಜಪಾನಿ ಅಂತ ತಿಳಕೊಂಡು ಹೊಡದಾಡಿದಾವ್ರಿದ್ರು. ಸಿನಿಮಾದಾಗ ಇದು ಐತಿ ಆದ್ರ ಗಡಿಬಿಡಿಯೊಳಗ ಹೋಗಿಬಿಡತೈತಿ.

ಲೈಫ್ ಜಾಕೆಟ್ ಕಡೆ ನೋಡಾಕ ಹೇಳ್ರಿ. ಅದರೊಳಗ ತುಂಬಿದ್ದು ಕಪೋಕ್, ಅಂದ್ರ ನಮ್ಮ ಬೂರಗದ ಹತ್ತಿಯಂಥಾದ್ದು. ನೀರು ಲಗೂ ಹೀರಂಗಿಲ್ಲ, ತೇಲಸ್ತೈತಿ, ಆದ್ರ ಎರಡು ದಿನ ದಾಟಿದ ಮ್ಯಾಲ ತೊಯ್ದು ಭಾರ ಆಗಾಕ ಹತ್ತತೈತಿ. ಕೊರಳ ಮಟ ಇದ್ದ ನೀರು ಗದ್ದಕ್ಕ ಬರತೈತಿ, ಗದ್ದದಿಂದ ತುಟಿಗೆ. ಡಾಕ್ಟರ್ ಲೂಯಿಸ್ ಹೇನ್ಸ್ ಅನ್ನಾವ್ರೂ ನೀರಾಗ ಇದ್ರು, ಔಷಧ ಇಲ್ಲ ಏನಿಲ್ಲ, ಅವ್ರು ಮಾಡಿದ ಕೆಲಸ ಅಂದ್ರ ಯಾರು ಸತ್ತಾರ ಅಂತ ನೋಡಿ, ಜಾಕೆಟ್ ಬಿಚ್ಚಿ ಜೀವ ಇದ್ದಾವ್ರಿಗೆ ಕೊಡೂದು. ಮೈ ತುಂಬ ಹಡಗಿನ ಎಣ್ಣಿ, ಕಣ್ಣು ತೆರಿಯಾಕ ಬರೂದಿಲ್ಲ.

ಈಗ ಹಾಜರಿ ಪಟ್ಟಿ ತಗೀರಿ. ಆಫೀಸ್ ರೂಮಿನ ಹುಡುಗನ್ನ ಕರಸ್ರಿ. ಅಂವ ಇಲ್ಲದ್ದು ಯಾರಿಗೂ ಗೊತ್ತಾಗಿರಲಿಲ್ಲಂದ್ರ ಹೇಳ್ರಿ, ಲೇಟೆಯೊಳಗ ಆದದ್ದೂ ಇದ ಅಂತ. ಜುಲೈ 31ಕ್ಕ ಹಡಗು ಬರಬೇಕಿತ್ತು. ಬರಲಿಲ್ಲ. ಯುದ್ಧದ ಹಡಗು ಬಂದು ಮುಟ್ಟಿದ್ದನ್ನ ಪ್ರತಿ ಸಲ ರಿಪೋರ್ಟ್ ಮಾಡೂದು ಬ್ಯಾಡ ಅಂತ ಒಂದು ಆರ್ಡರ್ ಇತ್ತು, ಅದನ್ನ ಓದಿದಾವ್ರು ಹಡಗು ಬಾರದಿದ್ರೂ ರಿಪೋರ್ಟ್ ಬ್ಯಾಡ ಅಂತ ತಿಳಕೊಂಡ್ರು. ಬೋರ್ಡಿನ ಮ್ಯಾಲ ‘ಬಂದಿರಬೇಕು’ ಅಂತ ಹಾಕಿಬಿಟ್ರು. ಹಡಗು ಯಾವ ಅಡ್ಮಿರಲ್ ಕೈಕೆಳಗ ಹೋಗಬೇಕಿತ್ತೋ ಅವ್ರ ಕಚೇರಿಗೆ ಬಂದ ಸಂದೇಶ ಓದೂವಾಗ ಕಲಸುಮೇಲೋಗರ ಆಗಿತ್ತು, ಮತ್ತೊಮ್ಮೆ ಕಳಸ್ರಿ ಅಂತ ಅವ್ರು ಕೇಳಲಿಲ್ಲ. ಅಲ್ಲಿ ಬೋರ್ಡಿನ ಮ್ಯಾಲ ಹಡಗು ದಂಡಿಗಿತ್ತು, ಇಲ್ಲಿ ಮಂದಿ ನೀರಾಗಿದ್ರು. ಇದಕ್ಕಿಂತ ಹೆಚ್ಚು ವ್ಯಾಖ್ಯಾನ ಬ್ಯಾಡ, ಸಿನಿಮಾ ಚಾಲೂ ಮಾಡ್ರಿ.

ಮೂರನೇದು: ಬಚಾವ್ ಆದ ಮ್ಯಾಲ ಚಪ್ಪಲಿ ಹುಡುಕಬಾರದಂದ್ರ

ಆಗಸ್ಟ್ 2ಕ್ಕ ವಿಲ್ಬರ್ ಗ್ವಿನ್ ಅನ್ನೂ ಪೈಲಟ್ ಸಬ್‌ಮರೀನ್ ಹುಡುಕಾಕ ಗಸ್ತು ಹೊಂಟಿದ್ದ. ವಿಮಾನದ ಹಿಂದ ಜೋತು ಬಿಡೂ ಆಂಟೆನಾ ತ್ರಾಸ್ ಕೊಡಾಕ ಹತ್ತಿತ್ತು, ಅದನ್ನ ನೋಡಾಕ ಹೋದಾಂವ ಕೆಳಗ ಎಣ್ಣಿ ಪಟ್ಟಿ ಕಂಡ, ಆಮ್ಯಾಲ ತಲಿ ಕಂಡಾವ. ಯಾರೂ ಹುಡುಕಾಕ ಕಳಸಿರಲಿಲ್ಲ ಅವನ್ನ. ಆಂಟೆನಾ ಸರಿ ಇದ್ದಿದ್ರ? ಈ ಪ್ರಶ್ನೆ ಕೇಳಿ ಸುಮ್ನಾಗ್ರಿ. ಸೀಪ್ಲೇನ್ (ನೀರ ಮ್ಯಾಲ ಇಳಿಯೂ ವಿಮಾನ) ತಗೊಂಡು ಬಂದ ಏಡ್ರಿಯನ್ ಮಾರ್ಕ್ಸ್ ತೆರಿ ಇದ್ದ ನಡುಸಮುದ್ರದಾಗ ಇಳೀಬಾರದು ಅಂತ ಆರ್ಡರ್ ಇದ್ರೂ ಇಳಿದ, 56 ಮಂದೀನ ಎತ್ತಿದ, ಒಳಗ ಜಾಗಾ ಸಾಲದ ರೆಕ್ಕಿ ಮ್ಯಾಲ ಕಟ್ಟಿ ಕುಂದರಿಸಿದ. ಮೊದಲ ಬಂದ ಹಡಗು ಸೆಸಿಲ್ ಡಾಯ್ಲ್, ರಾತ್ರಿ ಸರ್ಚ್‌ಲೈಟ್ ಆಕಾಶಕ್ಕ ಹಿಡೀತು, ಸಬ್‌ಮರೀನಿಗೆ ತಾನೂ ಕಂಡೀನಂತ ಅಂಜದ.

ಇಲ್ಲಿ ಚಾ ಕೊಡ್ರಿ. ಇದು ನನ್ನ ದೊಡ್ಡ ಸಲಹೆ. ಎಲ್ಲಾರೂ ಇಂಟರ್‌ವಲ್ ನಡುವ ಇಡ್ತಾರ, ನೀವು ಬಚಾವ್ ಆದ ಮ್ಯಾಲ ಇಡ್ರಿ. ಚಾ, ಚುರುಮುರಿ ಕೈಯಾಗ ಇದ್ರ ಯಾರೂ ಎದ್ದು ಹೋಗಂಗಿಲ್ಲ, ಕೋರ್ಟ್ ಸೀನ್ ಸುರು ಆಗತೈತಿ. ಚಾ ಹಂಚೂವಾಗ ಭಾಗವತ ಇಷ್ಟು ಹೇಳಲಿ: ಹಡಗು ಮುಳುಗಿದ ಸುದ್ದಿ ಜನರಿಗೆ ಗೊತ್ತಾದದ್ದು ಜಪಾನ್ ಶರಣಾದ ಹೊತ್ತಿಗೆ, ಯುದ್ಧ ಮುಗೀತು ಅನ್ನೂ ಖುಷಿಯೊಳಗ ಆ ಸುದ್ದಿ ಮುಚ್ಚಿ ಹೋತು. ಡಿಸೆಂಬರಿನ್ಯಾಗ ಮೆಕ್‌ವೇ ಮ್ಯಾಲ ಕೋರ್ಟ್ ಮಾರ್ಷಲ್. ಎರಡು ಆರೋಪ, ಜಿಗ್‌ಜ್ಯಾಗ್ ಮಾಡಲಿಲ್ಲ ಅನ್ನೂದು ಒಂದು, ಹಡಗು ಬಿಡ್ರಿ ಅಂತ ವ್ಯಾಳ್ಯಾಕ್ಕ ಹೇಳಲಿಲ್ಲ ಅನ್ನೂದು ಇನ್ನೊಂದು. ಎರಡನೇದ್ರಾಗ ಬಿಟ್ರು, ಮೊದಲನೇದ್ರಾಗ ತಪ್ಪಿತಸ್ಥ ಅಂದ್ರು. ಸಾಕ್ಷಿ ಹೇಳಾಕ ಶತ್ರುವಿನ ಕಮಾಂಡರ್ ಹಶಿಮೊಟೊನ್ನ ಜಪಾನಿನಿಂದ ಕರಸಿದ್ರು. ಅಂವ ಏನಂದ ಗೊತ್ತೇನು, ಹಡಗು ಜಿಗ್‌ಜ್ಯಾಗ್ ಮಾಡಿದ್ರೂ ನಾ ಹೊಡೀತಿದ್ದೆ ಅಂದ. ಆದ್ರೂ ಶಿಕ್ಷೆ ಆತು, ಶಿಕ್ಷೆ ಮನ್ನಾ ಆದ್ರೂ ಕಲೆ ಉಳೀತು. ಈಗ ಹಲಗಿ ಮೂಲಿ ತೋರಸ್ರಿ. ಕಾವಲು ಕೊಡಲಿಲ್ಲ, ಸುದ್ದಿ ಹೇಳಲಿಲ್ಲ. ಆ ಯುದ್ಧದಾಗ ಅಮೆರಿಕ ನೂರಾರು ಹಡಗು ಕಳಕೊಂಡಿತ್ತು, ಶತ್ರು ಹೊಡೆದು ಮುಳುಗಿದ್ದಕ್ಕ ಕೋರ್ಟ್ ಮಾರ್ಷಲ್ ಆದ ಕ್ಯಾಪ್ಟನ್ ಇಂವ ಒಬ್ಬನ.

ಯಾರಿಗೆ ತೋರಸಬಾರದು, ಯಾರನ್ನ ಸಂಭಾಳಿಸಬೇಕು

ಸಣ್ಣ ಹುಡುಗೂರಿಗೆ ಬ್ಯಾಡ, ಎಂಟನೇತ್ತಿ ಮ್ಯಾಲ ಇರಲಿ. ರಕ್ತ, ಕೈಕಾಲು ಹೋಗೂದು, ಸುಟ್ಟ ಮೈ ಎಲ್ಲಾ ಕಾಣತೈತಿ. ಮಹಾಪೂರದಾಗ ಮನಿಯಾವ್ರನ್ನ ಕಳಕೊಂಡಾವ್ರು ಊರಾಗ ಇದ್ರ ಮನಿಗೆ ಹೋಗಿ ಮೊದಲ ಹೇಳಿ ಬರ್ರಿ, ಹಿಂಗಿಂಗ ಐತಿ, ಬರೂದು ಬಿಡೂದು ನಿಮ್ಮ ಮ್ಯಾಲ ಅಂತ. ಮೈಕಿನ್ಯಾಗ ಅನೌನ್ಸ್ ಮಾಡೂದಲ್ಲ ಇದು.

ಮೆಕ್‌ವೇ 1968ರಾಗ ತಮ್ಮ ಕೈಯಾರೆ ಜೀವ ಬಿಟ್ರು. ಸತ್ತಾವ್ರ ಮನಿಯಾವ್ರಿಂದ ವರ್ಷಾನುಗಟ್ಟಲೆ ಶಾಪದ ಪತ್ರ ಬರತಿದ್ದು ಅವ್ರಿಗೆ. ಆ ಮಾತು ಬಂದಾಗ ಮಾಜಿ ಸೈನಿಕರ ಮಾರಿ ನೋಡ್ರಿ. ಗಡಿಯೊಳಗ ಜೋಡಿದಾರನ್ನ ಕಳಕೊಂಡು ಬಂದಾವ್ರು, ನಾ ಯಾಕ ಉಳದೆ ಅನ್ನೂ ಪ್ರಶ್ನೆ ಹೊಟ್ಟ್ಯಾಗ ಇಟಗೊಂಡಾವ್ರು ನಮ್ಮ ನಡುವ ಅದಾರ, ಹೇಳಂಗಿಲ್ಲ ಅಷ್ಟ. ಯಾರಾದ್ರೂ ಎದ್ದು ಹೊರಗ ಹೋದ್ರ ಒಬ್ಬಾಂವ ಹಿಂದಿಂದ ಹೋಗಿ ಬಾಜೂಕ ನಿಲ್ಲಲಿ, ಮಾತಾಡಿಸೂ ಅವಸರ ಬ್ಯಾಡ. ಟೆಲಿ ಮಾನಸ್ (ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ನಂಬರ್ 14416 ಹಲಗಿ ಮ್ಯಾಲ ಬರದಿರ್ರಿ, ಫ್ರೀ ಐತಿ, ಕನ್ನಡದಾಗ ಮಾತಾಡ್ತಾರ.

ಮುಗದ ಮ್ಯಾಲ

ಊರಿನ ಒಬ್ಬ ಹಿರಿ ಫೌಜಿನ್ನ ಮೊದಲ ಮಾತಾಡಿ ಇಟಗೋರಿ. ವೇದಿಕಿ, ಶಾಲು, ಹಾರ ಬ್ಯಾಡ, ಹಾರ ಹಾಕಿದ್ರ ಅವ್ರು ಭಾಷಣ ಸುರು ಮಾಡ್ತಾರ. ಮಂದಿ ನಡುವ ಖುರ್ಚಿ ಹಾಕಿ ಕುಂದರಸ್ರಿ. “ಅಜ್ಜಾ, ಎಷ್ಟು ಮಂದೀನ ಹೊಡದೀರಿ?” ಅಂತ ಕೇಳೂ ಹುಡುಗ ಒಬ್ಬ ಇರತಾನ, ಅವನ ಬಾಜೂಕ ನೀವ ಕುಂದರ್ರಿ. ಕೇಳಬೇಕಾದ್ದು ಬ್ಯಾರೆ: “ರೀ ಕಾಕಾರ, ಪೋಸ್ಟಿಂಗದಾಗ ಯಾರಾದ್ರೂ ವ್ಯಾಳ್ಯಾಕ್ಕ ಬರಲಿಲ್ಲಂದ್ರ ನೀವೇನ್ ಮಾಡ್ತಿದ್ರಿ? ಯಾರ ಹುಡುಕಾಕ ಹೋಗತಿದ್ರು?” ಈ ಪ್ರಶ್ನೆಗೆ ಅವ್ರು ಒಂದ್ ತಾಸು ಮಾತಾಡ್ತಾರ, ಮತ್ತ ಅದು ಖರೇ ಮಾತಾಗಿರತೈತಿ.

ಹುಡುಗೂರು ಖಾತ್ರಿ ಕೇಳೂ ಪ್ರಶ್ನೆ, ಆ ಕ್ಯಾಪ್ಟನ್‌ಗೆ ನ್ಯಾಯ ಸಿಗಲಿಲ್ಲೇನ್ರಿ ಅಂತ. ಸಿಕ್ಕಿತು, ಆದ್ರ ಸಿಗೂ ಹಾದಿ ನೋಡ್ರಿ. 12 ವರ್ಷದ ಹಂಟರ್ ಸ್ಕಾಟ್ ಅನ್ನೂ ಸಾಲಿ ಹುಡುಗ ‘ಜಾಸ್’ ಅನ್ನೂ ಹಳೇ ಶಾರ್ಕ್ ಸಿನಿಮಾದಾಗ ಈ ಹಡಗಿನ ಮಾತು ಕೇಳಿ ಇತಿಹಾಸದ ಪ್ರಾಜೆಕ್ಟಿಗೆ ಇದನ್ನ ತಗೊಂಡ, ಬದುಕಿ ಉಳಿದಾವ್ರಿಗೆ ಒಬ್ಬೊಬ್ಬರಿಗೂ ಪತ್ರ ಬರದು, ಫೋನ್ ಮಾಡಿ ಕೇಳಿದ. ಅವ್ರೆಲ್ಲಾ ಮೊದಲಿಂದಲೂ ಕ್ಯಾಪ್ಟನ್ ತಪ್ಪಿಲ್ಲ ಅಂತ ಬಡಕೋತಿದ್ರು, ಕೇಳಾವ್ರಿರಲಿಲ್ಲ. 1999ರಾಗ ಅಮೆರಿಕದ ಸೆನೆಟ್ (ಅಲ್ಲಿನ ಸಂಸತ್ತಿನ ಮೇಲ್ಮನಿ) ಮುಂದ ಸಾಕ್ಷಿ ಹೇಳಾಕ ಹೋದ ಆ ಹುಡುಗ. ಹಶಿಮೊಟೊನೂ ಮೆಕ್‌ವೇ ಪರವಾಗಿ ಸೆನೆಟರ್‌ಗೆ ಪತ್ರ ಬರದ. 2000ದಾಗ ಅಮೆರಿಕದ ಕಾಂಗ್ರೆಸ್ಸು (ಅಲ್ಲಿನ ಸಂಸತ್ತು) ಮೆಕ್‌ವೇ ತಪ್ಪಿಲ್ಲ ಅಂತ ಠರಾವ್ ಮಾಡಿತು, 2001ರಾಗ ನೌಕಾಪಡೆ ದಾಖಲೆಯೊಳಗೂ ಸೇರಸಿದ್ರು. ಹಶಿಮೊಟೊ ಯುದ್ಧ ಮುಗದ ಮ್ಯಾಲ ಜಪಾನಿನ ಶಿಂಟೋ ಧರ್ಮದ ಗುಡಿ ಪೂಜಾರಿ ಆಗಿದ್ದ, ಅಂವ ತೀರಿಕೊಂಡದ್ದೂ 2000ದಾಗ. ಸಾಲಿ ಪ್ರಾಜೆಕ್ಟ್ ಅಂದ್ರ ಝೆರಾಕ್ಸ್ ಅಂಗಡಿಯಾಗ ರೆಡಿ ಸಿಗೂ ಚಾರ್ಟು ಅಂದುಕೊಂಡ ನಮ್ಮ ಹುಡುಗೂರಿಗೆ (ಮಾಸ್ತರಿಗೂ) ಈ ಭಾಗ ಎರಡು ಸಲ ಹೇಳಿದ್ರೂ ಅಡ್ಡಿ ಇಲ್ಲ.

ಹಡಗು ಈಗ ಎಲ್ಲೈತಿ ಅಂತ ಕೇಳಿದ್ರ, ಸಿನಿಮಾ ಬಂದ ಮರುವರ್ಷ, 2017 ಆಗಸ್ಟಿನ್ಯಾಗ ಮೈಕ್ರೊಸಾಫ್ಟ್ ಕಂಪನಿ ಕಟ್ಟಿದಾವ್ರೊಳಗ ಒಬ್ಬಾದ ಪಾಲ್ ಆಲೆನ್ ಕಳಸಿದ ತಂಡ ಫಿಲಿಪ್ಪೀನ್ ಸಮುದ್ರದ ತಳದಾಗ ಹುಡುಕಿತು, ಸುಮಾರು 5,500 ಮೀಟರ್ ಆಳದಾಗ.

ಕಡೀಕ ನಮ್ಮ ಖುಕ್ರಿ. ಇದನ್ನ ಬಿಟ್ಟು ಮನಿಗೆ ಕಳಸಬ್ಯಾಡ್ರಿ. 1971 ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ಪಾಕಿಸ್ತಾನದ ಸಬ್‌ಮರೀನ್ ಹಂಗೋರ್ ಹೊಡೆದು ಮುಳುಗಿಸಿತು, 18 ಆಫೀಸರು, 176 ನಾವಿಕರು ಹೋದ್ರು. ಕ್ಯಾಪ್ಟನ್ ಮಹೇಂದ್ರ ನಾಥ ಮುಲ್ಲಾ ಸಾಧ್ಯ ಆದಷ್ಟು ಮಂದೀನ ಹೊರಗ ಕಳಿಸಿ ತಾವು ಹಡಗಿನ ಜೋಡಿನ ಹೋದ್ರು, ಮರಣೋತ್ತರ ಮಹಾವೀರ ಚಕ್ರ ಬಂತು. ದಿಯುದಾಗ ಸ್ಮಾರಕ ಐತಿ, ಹಡಗಿನ ಮಾದರಿ ಗಾಜಿನೊಳಗ ಇಟ್ಟಾರ. ಸೋಮನಾಥ, ದ್ವಾರಕಾ ಅಂತ ಗುಜರಾತ್ ಯಾತ್ರಾ ಹೋದಾವ್ರು ದಿಯುಕ್ಕೂ ಹೋಗಿ ಬಂದಿರತಾರ, ಫೋಟೊ ಇದ್ರ ಮೊದಲ ತರಸಿ ಪರದೆ ಮ್ಯಾಲ ಹಾಕ್ರಿ. ನಮ್ಮ ಕಡೆ ಮಿಲಿಟರಿ ಅಂದ್ರ ಬೆಳಗಾವಿಯ ಮರಾಠಾ ಸೆಂಟರು, ಭೂಸೇನೆ, ನೇವಿಗೆ ಹೋದಾವ್ರು ಕಡಿಮಿ, ಆದ್ರ ಇಲ್ಲಂತೇನಿಲ್ಲ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯೊಳಗ ವಿಚಾರಸ್ರಿ, ತಾಲೂಕಿನ್ಯಾಗ ಹಡಗಿನ ಮ್ಯಾಲ ನೌಕರಿ ಮಾಡಿ ಬಂದಾವ್ರು ಯಾರಿದಾರ ಅಂತ. ಒಬ್ರು ಸಿಕ್ರ ಈ ಭಾಗ ಅವ್ರ ಬಾಯಿಂದ ಕೇಳಸ್ರಿ, ಭಾಗವತ ಸುಮ್ನಿರಲಿ. ಸಿನಿಮಾ ಎರಡು ತಾಸಿನ ಮ್ಯಾಲ ಐತಿ, ನಿಲುಗಡಿ, ಚಾ, ಖುಕ್ರಿ ಎಲ್ಲಾ ಕೂಡಿ ನಾಕ್ ತಾಸು ಹಿಡೀತೈತಿ, ಅದಕ್ಕ ಆರೂವರಿಗೆ ಸುರು ಮಾಡ್ರಿ, ಪ್ರೊಜೆಕ್ಟರ್ ಬಾಡಿಗಿ ಹನ್ನೊಂದರ ತನಕ ಅಂತ ಮೊದಲ ಮಾತಾಡಿರ್ರಿ, ಇಲ್ಲಂದ್ರ ಅಂಗಡಿ ಹುಡುಗ ಹತ್ತಕ್ಕ ವೈರ್ ಸುತ್ತಾಕ ಹತ್ತತಾನ.